ಕೂಟ ಶಾಸನದಿಂದ ಕೂಟ ಜರ್ನಲ್‌ವರೆಗೆ

ಬರಹಕ್ಕೆ ಬೆಲೆ ಬಂದ ಕಾಲದಿಂದಲೂ ನಕಲಿ ಬರಹ ಅದರ ಬೆನ್ನಿಗಿದೆ. ಹಣ ಕೊಟ್ಟರೆ ಯಾವ ಲೇಖನವನ್ನಾದರೂ ಅಚ್ಚು ಹಾಕುವ ‘ಅಂತಾರಾಷ್ಟ್ರೀಯ ಸಂಶೋಧನಾ ಜರ್ನಲ್’ಗಳ ಸುದ್ದಿಯನ್ನು ಓದುವಾಗ ಇದು ಇಂಟರ್ನೆಟ್ ತಂದ ಹೊಸ ಪಿಡುಗು ಎಂದು ನಾವು ಭಾವಿಸುತ್ತೇವೆ. ಆದರೆ ಇದರ ಬೇರುಗಳು ಬಹಳ ಹಿಂದಕ್ಕೆ ಹೋಗುತ್ತವೆ. ಸಾಚಾ ಯಾವುದು, ನಕಲಿ ಯಾವುದು ಎಂದು ತೂಗಿ ನೋಡುವ ವಿದ್ಯೆಯೂ ಅಷ್ಟೇ ಹಳೆಯದು. ಆ ವಿದ್ಯೆ ಹೇಗೆ ಬೆಳೆಯಿತು, ಇಂದು ಏಕೆ ಸೊರಗಿತು ಎಂಬುದನ್ನು ತಿಳಿಯಲು ಗಡಿನಾಡಿನ ಒಂದು ಊರಿನಿಂದಲೇ ಆರಂಭಿಸೋಣ.

ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಏಕಸಂಬಿ ಇಂದು ಕಬ್ಬು ಮತ್ತು ಸಹಕಾರಿ ಸಂಘಗಳಿಂದ ಹೆಸರಾದ ಊರು. ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆ ಕೊಲ್ಲಾಪುರದ ಶಿಲಾಹಾರರ ಮತ್ತು ಸವದತ್ತಿಯ ರಟ್ಟರ ಆಳ್ವಿಕೆಗಳು ಕೂಡುವ ಜಾಗವಾಗಿತ್ತು. ಇಲ್ಲಿ ದೊರೆತ 1165ರ ಶಾಸನವೊಂದು, ಶಿಲಾಹಾರ ಅರಸ ವಿಜಯಾದಿತ್ಯನ ದಂಡನಾಯಕ ಕಾಲಣನು ನೇಮಿನಾಥ ಬಸದಿಯನ್ನು ಕಟ್ಟಿಸಿ ಯಾಪನೀಯ ಸಂಘದ ಮುನಿಗಳಿಗೆ ಒಪ್ಪಿಸಿದ ಸಂಗತಿಯನ್ನು ತಿಳಿಸುತ್ತದೆ. ಯಾಪನೀಯರೆಂಬ ಜೈನ ಪಂಥ ಈಗ ಇಲ್ಲ. ದಿಗಂಬರರಂತೆ ಅವರ ಮುನಿಗಳು ನಗ್ನರಾಗಿರುತ್ತಿದ್ದರು. ಶ್ವೇತಾಂಬರರಂತೆ ಸ್ತ್ರೀಗೂ ಮೋಕ್ಷವುಂಟೆಂದು ನಂಬುತ್ತಿದ್ದರು. ಅಳಿದುಹೋದ ಈ ಪಂಥದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಇಂತಹ ಕಲ್ಲುಗಳಿಂದಲೇ ಬಂದಿದೆ. ಆದ್ದರಿಂದ ಒಂದು ಕಲ್ಲು ಸುಳ್ಳಾದರೆ ಒಂದು ಸಮುದಾಯದ ನೆನಪೇ ಸುಳ್ಳಾಗುತ್ತದೆ.

ದಾನಶಾಸನದ ಕೊನೆಗೆ ಅದನ್ನು ಮೀರಿದವರಿಗೆ ಶಾಪ ಹಾಕುವುದು ಹಿಂದಿನವರ ವಾಡಿಕೆ. ಬರೆದುದನ್ನು ಕಾಯುವ ಉಪಾಯ ಅದು. ಆದರೆ ಶಾಪಕ್ಕೆ ಹೆದರದವರೂ ಇದ್ದರು. ಭೂಮಿಯ ಹಕ್ಕು ಸಾಧಿಸಲು, ಮಠ ಮನೆತನಗಳ ಹಿರಿಮೆ ಸಾರಲು, ಹಳೆಯ ಅರಸರ ಹೆಸರಿನಲ್ಲಿ ಹೊಸ ತಾಮ್ರಪಟಗಳನ್ನು ಕೊರೆಯಿಸಿದರು. ವಿದ್ವಾಂಸರು ಇವುಗಳನ್ನು ಕೂಟ ಶಾಸನಗಳೆಂದು ಕರೆಯುತ್ತಾರೆ. ಕೂಟ ಎಂದರೆ ಇಲ್ಲಿ ಮೋಸ, ಖೊಟ್ಟಿ. ಇಂದಿನ ನಕಲಿ ಜರ್ನಲ್‌ಗಳಿಗೂ ಇದೇ ಹೆಸರು ಹೊಂದುತ್ತದೆ. ಎರಡರಲ್ಲೂ ಹೊರಗಿನ ರೂಪವೆಲ್ಲ ಸರಿಯಾಗಿರುತ್ತದೆ. ಪ್ರಶಸ್ತಿಯಿರುತ್ತದೆ, ಮುದ್ರೆಯಿರುತ್ತದೆ, ದೊಡ್ಡವರ ಹೆಸರುಗಳಿರುತ್ತವೆ. ಒಳಗಿನ ಮಾತಿಗೆ ಮಾತ್ರ ಯಾರೂ ಜವಾಬ್ದಾರರಲ್ಲ.

ಯಾರಿಂದ ಕೇಳಿದಿರಿ?

ಮಾತಿನ ಸಾಚಾತನವನ್ನು ಪರೀಕ್ಷಿಸುವ ಕೆಲಸವನ್ನು ಒಂದು ಶಾಸ್ತ್ರವಾಗಿ ಬಹು ಹಿಂದೆಯೇ ಬೆಳೆಸಿದವರಲ್ಲಿ ಹದೀಸ್ ವಿದ್ವಾಂಸರು ಪ್ರಮುಖರು. ಪ್ರವಾದಿ(ಸ)ಯವರ ನಿಧನದ ಬಳಿಕ ಕೆಲವೇ ದಶಕಗಳಲ್ಲಿ ಮುಸ್ಲಿಮರೊಳಗೆ ರಾಜಕೀಯ ಕಲಹಗಳು ತಲೆದೋರಿದವು. ಪ್ರತಿಯೊಂದು ಗುಂಪಿಗೂ ತನ್ನ ಪರವಾದ ಪ್ರವಾದಿ ವಚನ ಬೇಕಾಯಿತು. ಬೇಡಿಕೆ ಇದ್ದಲ್ಲಿ ಪೂರೈಕೆಯೂ ಆಯಿತು. ಜನರನ್ನು ಸತ್ಕರ್ಮದ ಕಡೆಗೆ ತಿರುಗಿಸುವುದಕ್ಕಾಗಿಯೇ ಹದೀಸ್‌ಗಳನ್ನು ಕಟ್ಟಿದೆವು ಎಂದು ಒಪ್ಪಿಕೊಂಡ ‘ಸದುದ್ದೇಶ’ದವರೂ ಇದ್ದರು. 729ರಲ್ಲಿ ನಿಧನರಾದ ಬಸ್ರಾದ ವಿದ್ವಾಂಸ ಇಬ್ನ್ ಸೀರೀನ್ ಈ ಬದಲಾವಣೆಯನ್ನು ಗುರುತಿಸಿದ್ದಾರೆ. ಮೊದಲು ಯಾರೂ ಮೂಲ ಕೇಳುತ್ತಿರಲಿಲ್ಲ, ಕಲಹ ಆರಂಭವಾದ ಮೇಲೆ ‘ನಿಮಗೆ ಇದನ್ನು ಹೇಳಿದವರು ಯಾರು?’ ಎಂದು ಕೇಳತೊಡಗಿದರು ಎಂಬುದು ಅವರ ಮಾತಿನ ಸಾರ.

ಹೀಗೆ ಹುಟ್ಟಿದ್ದು ಇಸ್ನಾದ್, ಅಂದರೆ ವರದಿಗಾರರ ಸರಪಳಿ. ಸರಪಳಿಯ ಪ್ರತಿಯೊಬ್ಬನ ಹುಟ್ಟು, ಸಾವು, ಪ್ರಯಾಣ, ನೆನಪಿನ ಶಕ್ತಿ, ಪ್ರಾಮಾಣಿಕತೆಗಳನ್ನು ದಾಖಲಿಸುವ ದೊಡ್ಡ ಸಾಹಿತ್ಯವೇ ಬೆಳೆಯಿತು. ಇಬ್ಬರು ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗುವ ಸಾಧ್ಯತೆ ಇತ್ತೇ ಎಂದು ನೋಡಿ ಸರಪಳಿಯನ್ನು ಒಪ್ಪುತ್ತಿದ್ದರು ಅಥವಾ ತಿರಸ್ಕರಿಸುತ್ತಿದ್ದರು. ಬಗ್ದಾದಿನ ಇಬ್ನುಲ್ ಜೌಝಿ (ನಿಧನ 1201) ಕಟ್ಟುಕಥೆಯ ಹದೀಸ್‌ಗಳನ್ನೇ ಒಟ್ಟು ಹಾಕಿ ಗ್ರಂಥ ಬರೆದರು. ದಮಾಸ್ಕಸ್‌ನ ಝಹಬಿ (ನಿಧನ 1348) ದುರ್ಬಲರೆಂದು ಆಕ್ಷೇಪಕ್ಕೆ ಒಳಗಾದ ವರದಿಗಾರರ ಕೋಶವನ್ನೇ ರಚಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಇಬ್ನುಲ್ ಜೌಝಿ ಅವಸರದಲ್ಲಿ ಸರಿಯಾದ ಹದೀಸ್‌ಗಳನ್ನೂ ಸುಳ್ಳಿನ ಪಟ್ಟಿಗೆ ಸೇರಿಸಿದ್ದಾರೆಂದು ಕೈರೋದ ಇಬ್ನ್ ಹಜರ್ (ನಿಧನ 1449) ಮುಂತಾದವರು ಟೀಕಿಸಿದರು. ಅಂದರೆ ಸುಳ್ಳನ್ನು ಹಿಡಿಯುವವನ ಕೆಲಸವನ್ನೂ ಇನ್ನೊಬ್ಬ ಓದಿ ಪರೀಕ್ಷಿಸಿದ. ಪಟ್ಟಿ ಮಾಡಿದ ಮಾತ್ರಕ್ಕೆ ಹೊಣೆ ತೀರಲಿಲ್ಲ.

ವೈದ್ಯಶಾಸ್ತ್ರದಲ್ಲಿಯೂ ಇದರ ನೆರಳು ಕಾಣುತ್ತದೆ. ಒಂಬತ್ತನೆಯ ಶತಮಾನದ ಇಸ್‌ಹಾಕ್ ಬಿನ್ ಅಲಿ ಅರ್ರುಹಾವಿ ವೈದ್ಯರ ನಡವಳಿಕೆಯ ಬಗ್ಗೆ ಬರೆದ ಗ್ರಂಥದಲ್ಲಿ, ವೈದ್ಯನು ರೋಗಿಯ ಸ್ಥಿತಿಯನ್ನೂ ತಾನು ಕೊಟ್ಟ ಔಷಧವನ್ನೂ ಪ್ರತಿ ಭೇಟಿಯಲ್ಲಿ ಬರೆದಿಡಬೇಕು, ರೋಗಿ ತೀರಿಕೊಂಡರೆ ಆ ಬರಹವನ್ನು ಇತರ ವೈದ್ಯರು ಪರಿಶೀಲಿಸಬೇಕು ಎಂಬ ಸಲಹೆಯಿದೆ. ಸಹವಿದ್ವಾಂಸರ ಪರಿಶೀಲನೆ, ಅಂದರೆ ‘ಪಿಯರ್ ರಿವ್ಯೂ’ನ ಇತಿಹಾಸ ಬರೆಯುವವರು ಇದನ್ನು ಆರಂಭದ ಉದಾಹರಣೆಗಳಲ್ಲಿ ಸೇರಿಸುವುದುಂಟು. ಇಂದಿನ ಪದ್ಧತಿ ನೇರವಾಗಿ ಇಲ್ಲಿಂದಲೇ ಬಂತೆಂದು ಹೇಳಿಕೊಂಡು ಬೀಗುವುದು ಸರಿಯಲ್ಲ. ಒಬ್ಬನ ಮಾತನ್ನು ಅದೇ ವಿದ್ಯೆ ಬಲ್ಲ ಇನ್ನೊಬ್ಬ ತೂಗಬೇಕೆಂಬ ವಿವೇಕ ಯಾವುದೇ ಒಂದು ಖಂಡದ ಸ್ವತ್ತಲ್ಲ ಎಂದಷ್ಟೇ ನಾವು ಹೇಳಬಹುದು.

ಜರ್ನಲ್ ಹುಟ್ಟಿದ ಬಗೆ

ಇಂದಿನ ಜರ್ನಲ್ ಹುಟ್ಟಿದ್ದು ಯೂರೋಪಿನಲ್ಲಿ. 1665ರ ಜನವರಿಯಲ್ಲಿ ಪ್ಯಾರಿಸ್‌ನಿಂದ ‘ಜೂರ್ನಾಲ್ ದೆ ಸಾವಾಂ’, ಅದೇ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನಿಂದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಹೊರಬಂದವು. ಎರಡನೆಯದನ್ನು ನಡೆಸಿದವರು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಯಾವುದನ್ನು ಅಚ್ಚು ಹಾಕಬೇಕೆಂದು ಅವರೇ ತೀರ್ಮಾನಿಸುತ್ತಿದ್ದರು. 1752ರಲ್ಲಿ ಸೊಸೈಟಿ ಈ ಹೊಣೆಯನ್ನು ಒಂದು ಸಮಿತಿಗೆ ವಹಿಸಿತು. ಲೇಖನದ ಬಗ್ಗೆ ಬಲ್ಲವರಿಂದ ಲಿಖಿತ ಅಭಿಪ್ರಾಯ ಪಡೆಯುವ ಪದ್ಧತಿ ಅಲ್ಲಿ ಆರಂಭವಾದದ್ದು 1830ರ ದಶಕದಲ್ಲಿ.

ಈ ಪದ್ಧತಿ ಎಲ್ಲೆಡೆ ಏಕಕಾಲಕ್ಕೆ ಹರಡಲಿಲ್ಲ. 1936ರಲ್ಲಿ ಐನ್‌ಸ್ಟೈನ್ ಮತ್ತು ಅವರ ಸಹಾಯಕ ನೇಥನ್ ರೋಸೆನ್ ಗುರುತ್ವದ ಅಲೆಗಳಿಲ್ಲ ಎಂದು ವಾದಿಸುವ ಲೇಖನವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ಗೆ ಕಳುಹಿಸಿದರು. ಸಂಪಾದಕರು ಅದನ್ನು ಇನ್ನೊಬ್ಬ ವಿಜ್ಞಾನಿಗೆ ತೋರಿಸಿದಾಗ ಅವರು ತಪ್ಪುಗಳನ್ನು ಪಟ್ಟಿ ಮಾಡಿ ಕಳುಹಿಸಿದರು. ತಮ್ಮನ್ನು ಕೇಳದೆ ಬೇರೆಯವರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನ್ ಕೋಪಗೊಂಡು ಲೇಖನವನ್ನು ಹಿಂದಕ್ಕೆ ಪಡೆದರು. ಆದರೆ ತಪ್ಪು ನಿಜವಾಗಿಯೂ ಇತ್ತು. ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ತೀರ್ಮಾನವೇ ಬದಲಾಗಿತ್ತು. ಜಗತ್ತಿನ ಅತಿ ದೊಡ್ಡ ಹೆಸರಿಗೂ ಇನ್ನೊಂದು ಜೊತೆ ಕಣ್ಣು ಬೇಕಾಯಿತು. ಪ್ರಸಿದ್ಧ ‘ನೇಚರ್’ ಪತ್ರಿಕೆ ಪ್ರತಿ ಲೇಖನವನ್ನೂ ಹೊರಗಿನ ಪರಿಶೀಲನೆಗೆ ಕಳುಹಿಸುವ ನಿಯಮ ಮಾಡಿದ್ದು 1973ರಲ್ಲಿ.

ಫ್ಲೀಟ್ ಮತ್ತು ರೈಸ್

ನಮ್ಮ ನಾಡಿನಲ್ಲಿ ಪರಿಶೀಲನೆಯ ಸಂಸ್ಕೃತಿ ಹೇಗೆ ಬೆಳೆಯಿತು ಎಂಬುದಕ್ಕೆ ಕರ್ನಾಟಕದ ಶಾಸನ ಸಂಶೋಧನೆಯೇ ಒಳ್ಳೆಯ ನಿದರ್ಶನ. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ಊರೂರು ತಿರುಗಿ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು ಅವರ ದುಡಿಮೆಯ ಫಲ. ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡಿದ ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು 1882ರಲ್ಲಿ ಹೊರತಂದರು. ಇಬ್ಬರೂ ಕನ್ನಡಕ್ಕೆ ದುಡಿದವರು. ಆದರೂ ಅವರ ನಡುವೆ ದಶಕಗಳ ಕಾಲ ಕಾವೇರಿದ ವಾದ ನಡೆಯಿತು.

ವಾದದ ಕೇಂದ್ರದಲ್ಲಿದ್ದುದು ತಲಕಾಡಿನ ಗಂಗರ ತಾಮ್ರಪಟಗಳು. ಉದಾಹರಣೆಗೆ, ಮಡಿಕೇರಿಯಲ್ಲಿ ದೊರೆತ ತಾಮ್ರಪಟವನ್ನು ರೈಸ್ ಗಂಗ ಅರಸ ಅವಿನೀತನದ್ದೆಂದು, 466ರದ್ದೆಂದು ಗ್ರಹಿಸಿ ಪ್ರಕಟಿಸಿದರು. ಫ್ಲೀಟ್ ಒಪ್ಪಲಿಲ್ಲ. ಅಕ್ಷರಗಳ ರೂಪ ಅಷ್ಟು ಹಳೆಯದಲ್ಲ. ಅದರಲ್ಲಿ ಬರುವ ಅಕಾಲವರ್ಷ ಎಂಬ ಬಿರುದು ಬಹಳ ಮುಂದಿನ ರಾಷ್ಟ್ರಕೂಟರದು. ಆದ್ದರಿಂದ ಇದು ಕೂಟ ಎಂದರು. ತಿಥಿಗೂ ವಾರಕ್ಕೂ ಹೊಂದಿಕೆಯಾಗುವುದೇ, ಹೇಳಿದ ವಂಶಾವಳಿ ಬೇರೆ ಶಾಸನಗಳಿಗೆ ತಾಳೆಯಾಗುವುದೇ, ಲಿಪಿ ಆ ಕಾಲದ್ದೇ ಎಂದು ಒಂದೊಂದನ್ನೂ ಒರೆಗೆ ಹಚ್ಚುವುದು ಅವರ ಪದ್ಧತಿ. 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಭಾರತದ ಕೂಟ ಶಾಸನಗಳ ಪಟ್ಟಿಯನ್ನೇ ಅವರು ಪ್ರಕಟಿಸಿದರು.

ಆದರೆ ಫ್ಲೀಟರ ಸಂಶಯ ಗಂಗರ ಆರಂಭ ಕಾಲದ ಇತಿಹಾಸವನ್ನೇ ಅಲ್ಲಗಳೆಯುವ ಮಟ್ಟಕ್ಕೆ ಹೋಗಿತ್ತು. ಮುಂದೆ ಪೆನುಕೊಂಡದ ಗಂಗ ತಾಮ್ರಪಟ ಬೆಳಕಿಗೆ ಬಂದಾಗ ಅದು ಸಾಚಾ ಎಂದು ಸ್ವತಃ ಫ್ಲೀಟರೇ ಒಪ್ಪಿಕೊಂಡರು. ಗಂಗರ ಮೊದಲ ಅರಸರು ಕಲ್ಪನೆಯ ವ್ಯಕ್ತಿಗಳಲ್ಲ ಎಂಬ ರೈಸ್ ಅವರ ಮಾತು ಗೆದ್ದಿತು. ಹಲವು ಪಟಗಳು ಕೂಟವೆಂಬ ಫ್ಲೀಟರ ಮಾತೂ ಉಳಿಯಿತು. ಸೋತವರು ಯಾರೂ ಇಲ್ಲ. ಇಬ್ಬರೂ ಪರಸ್ಪರರ ಬರಹವನ್ನು ಸಾಲು ಸಾಲಾಗಿ ಓದಿದ್ದರಿಂದ ನಮಗೆ ಒಂದು ನಂಬಲರ್ಹ ಇತಿಹಾಸ ದೊರೆಯಿತು. ಅಂದಿನ ಜರ್ನಲ್‌ಗಳ ಬೆಲೆ ಇದ್ದುದು ಈ ಓದಿನಲ್ಲಿ.

ಸದಲಗೆಯ ಉಪಾಧ್ಯೆ

ಈ ಪರಂಪರೆಯನ್ನು ಮುಂದಕ್ಕೆ ಒಯ್ದವರಲ್ಲೊಬ್ಬರು ಏಕಸಂಬಿಯ ನೆರೆಯವರೇ. ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ 1906ರ ಫೆಬ್ರವರಿ 6ರಂದು ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ ಪ್ರಾಕೃತ ವಿದ್ವತ್ತಿಗೆ ಜಗತ್ತಿನಾದ್ಯಂತ ಹೆಸರಾದರು. 1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಪಾಠ ಹೇಳಿದರು. ಆ ವರ್ಷಗಳಲ್ಲಿ ದೊಡ್ಡ ನಗರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕುಳಿತವರಲ್ಲ. ಪದವಿ ಕಾಲೇಜಿನ ಅಧ್ಯಾಪಕ. ಇಂದಿನ ನಮ್ಮ ಚರ್ಚೆಗೆ ಈ ಸಂಗತಿ ಮುಖ್ಯ.

ಅವರ ಕೆಲಸ ಗ್ರಂಥ ಸಂಪಾದನೆ. ಒಂದೇ ಕೃತಿಯ ಹಲವು ಓಲೆಗರಿ ಪ್ರತಿಗಳನ್ನು ಹುಡುಕುವುದು, ಒಂದೊಂದು ಪದದಲ್ಲೂ ಎಲ್ಲಿ ಭೇದವಿದೆ ಎಂದು ಗುರುತಿಸುವುದು, ಲಿಪಿಕಾರನ ತಪ್ಪು ಯಾವುದು, ಕವಿಯ ಮಾತು ಯಾವುದು ಎಂದು ನಿರ್ಣಯಿಸುವುದು, ತಾನು ಕೈಬಿಟ್ಟ ಪಾಠವನ್ನೂ ಅಡಿಯಲ್ಲಿ ಕೊಟ್ಟು ಓದುಗನಿಗೆ ಪರೀಕ್ಷಿಸುವ ಅವಕಾಶ ಉಳಿಸುವುದು. 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಅವರು ಹೀಗೆ ಸಂಪಾದಿಸಿದರು. ಮೇಲೆ ಹೇಳಿದ ಮಡಿಕೇರಿಯ ಪಟ ಇಲ್ಲಿಗೂ ಸಂಬಂಧಿಸಿದೆ. ಅದರಲ್ಲಿ ಕುಂದಕುಂದರ ಪರಂಪರೆಯ ಉಲ್ಲೇಖವಿದೆ. ಹಾಗಾಗಿ ಕುಂದಕುಂದರ ಕಾಲ ನಿರ್ಣಯಕ್ಕೆ ಹೊರಟವರು ಆ ಪಟ ಎಷ್ಟರಮಟ್ಟಿಗೆ ಸಾಚಾ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಎಂದೋ ಯಾರೋ ಕೊರೆಸಿದ ಒಂದು ತಾಮ್ರಪಟ ಎಷ್ಟು ತಲೆಮಾರುಗಳ ವಿದ್ವಾಂಸರನ್ನು ಕಾಡಬಲ್ಲದು ನೋಡಿ.

ಉಪಾಧ್ಯೆ 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ವನ್ನು, 1959ರಲ್ಲಿ ಉದ್ಯೋತನಸೂರಿಯ ‘ಕುವಲಯಮಾಲಾ’ದ ಮೂಲಪಾಠವನ್ನು ಹೊರತಂದರು. ‘ಕುವಲಯಮಾಲಾ’ದ ಎರಡನೆಯ ಭಾಗ ಬಂದದ್ದು 1970ರಲ್ಲಿ. ‘ಬೃಹತ್ಕಥಾಕೋಶ’ದ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಪರಂಪರೆಯನ್ನು ಬಿಡಿಸಿಟ್ಟದ್ದು ಕನ್ನಡದ ‘ವಡ್ಡಾರಾಧನೆ’ಯ ಅಧ್ಯಯನಕ್ಕೂ ದಾರಿದೀಪವಾಯಿತು. ಡಿ. ಎಲ್. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯನ್ನು ಸಂಪಾದಿಸಿ ಪ್ರಕಟಿಸಿದ್ದು 1949ರಲ್ಲಿ.

ಯಾಪನೀಯ ಸಂಘದ ಬಗ್ಗೆ ಉಪಾಧ್ಯೆ ಒಂದು ಲೇಖನವನ್ನು ಮುಂಬಯಿ ವಿಶ್ವವಿದ್ಯಾಲಯದ ಜರ್ನಲಿನಲ್ಲಿ ಪ್ರಕಟಿಸಿದ್ದು 1933ರಲ್ಲಿ. ಅದೇ ವಿಷಯದ ಮೇಲೆ ‘ಇನ್ನಷ್ಟು ಬೆಳಕು’ ಎಂಬ ಅರ್ಥದ ಶೀರ್ಷಿಕೆಯ ಲೇಖನವನ್ನು ಪುಣೆಯ ಭಂಡಾರ್ಕರ್ ಸಂಸ್ಥೆಯ ಪತ್ರಿಕೆಯಲ್ಲಿ ಬರೆದದ್ದು 1974ರಲ್ಲಿ. ನಡುವೆ 41 ವರ್ಷ. ಹೊಸ ಶಾಸನಗಳು ದೊರೆತಂತೆ ಹಳೆಯ ಮಾತನ್ನು ಮತ್ತೆ ತೂಗಿ ನೋಡುವುದು ಅವರಿಗೆ ಕರ್ತವ್ಯವಾಗಿತ್ತು. ಆ ಹೊತ್ತಿಗೆ ಅವರು 1966ರಲ್ಲಿ ಅಲಿಗಢದಲ್ಲಿ ನಡೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ, 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಹೊಸದಾಗಿ ಸಾಧಿಸಬೇಕಾದ್ದು ಏನೂ ಉಳಿದಿರಲಿಲ್ಲ. ಆದರೂ ಬರೆದರು. ಮರುವರ್ಷ, 1975ರಲ್ಲಿ, ತೀರಿಕೊಂಡರು.

ಓದುವುದು ಹೋಗಿ ಎಣಿಸುವುದು ಬಂತು

ಇಂದು ಅದೇ ಚಿಕ್ಕೋಡಿ, ರಾಯಬಾಗ, ಅಥಣಿಗಳ ತರುಣ ಅಧ್ಯಾಪಕರ ಮೊಬೈಲಿಗೆ ಬರುವ ಸಂದೇಶಗಳೇ ಬೇರೆ. ‘ಎರಡು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ, ಸಹಲೇಖಕರಿಗೂ ಅವಕಾಶ’ ಎಂಬ ಧಾಟಿಯ ಜಾಹೀರಾತುಗಳು. 41 ವರ್ಷ ಕಾದ ಸದಲಗೆಯಿಂದ 48 ಗಂಟೆಯ ಜರ್ನಲಿಗೆ ನಾವು ಹೇಗೆ ಬಂದೆವು?

ಮೊದಲ ಕಾರಣ ಎಣಿಕೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕೆಂದು ವಿಧಿಸಿತು. 2010ರ ನಿಯಮಗಳು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಗಳ ಲೆಕ್ಕ ತಂದವು. ಉದ್ದೇಶ ಒಳ್ಳೆಯದೇ ಇತ್ತು. ಶಿಫಾರಸು, ಜಾತಿ, ಪ್ರಭಾವಗಳ ಬದಲು ಕೆಲಸ ನೋಡಬೇಕೆಂಬುದು. ಆದರೆ ಲೇಖನವನ್ನು ಓದಿ ಬೆಲೆ ಕಟ್ಟುವವರ ಜಾಗಕ್ಕೆ ಲೇಖನಗಳನ್ನು ಎಣಿಸುವವರು ಬಂದು ಕುಳಿತರು. 2018ರ ನಿಯಮಗಳಲ್ಲಿಯೂ ಅಭ್ಯರ್ಥಿಗಳ ಆಯ್ಕೆ ಪಟ್ಟಿಗೆ ಪ್ರತಿ ಲೇಖನಕ್ಕೆ 2 ಅಂಕ ಇಟ್ಟರು. ಓದಲು ಗ್ರಂಥಾಲಯವಿಲ್ಲದ, ವಾರವಿಡೀ ತರಗತಿ ತೆಗೆದುಕೊಳ್ಳುವ ಅಧ್ಯಾಪಕನಿಂದಲೂ ಸಂಖ್ಯೆಯನ್ನು ಕೇಳಿದರೆ ಸಂಖ್ಯೆಯೇ ಸಿಗುತ್ತದೆ.

ಎರಡನೆಯ ಕಾರಣ ಹಣದ ದಿಕ್ಕು ಬದಲಾದದ್ದು. ಹಿಂದೆ ಜರ್ನಲ್ ನಡೆಯುತ್ತಿದ್ದುದು ಗ್ರಂಥಾಲಯಗಳ ಚಂದಾದಿಂದ. ದೊಡ್ಡ ಪ್ರಕಾಶಕರು ಚಂದಾವನ್ನು ವಿಪರೀತ ಏರಿಸಿದಾಗ, ಜ್ಞಾನ ಎಲ್ಲರಿಗೂ ಪುಕ್ಕಟೆ ಸಿಗಬೇಕೆಂಬ ಆಂದೋಲನ ಹುಟ್ಟಿತು. 2002ರ ಬುಡಾಪೆಸ್ಟ್ ಘೋಷಣೆ ಅದರ ಮೈಲಿಗಲ್ಲು. ಈ ಆಂದೋಲನದ ಪತ್ರಿಕೆಗಳಲ್ಲಿ ಅನೇಕವು ಓದುಗನ ಬದಲು ಲೇಖಕನಿಂದ ಶುಲ್ಕ ಪಡೆದವು. ಶ್ರೇಷ್ಠ ಪತ್ರಿಕೆಗಳೂ ಹೀಗೆ ನಡೆಯುತ್ತಿವೆ. ಆದರೆ ಓದುಗನಿಗೆ ಮೆಚ್ಚುಗೆಯಾಗಬೇಕಾದ ಅಗತ್ಯ ತಪ್ಪಿದಾಗ ಮೋಸಗಾರನಿಗೆ ಬಾಗಿಲು ತೆರೆಯಿತು. ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ 2010ರಲ್ಲಿ ಇವುಗಳಿಗೆ ‘ಪ್ರಿಡೇಟರಿ’, ಅಂದರೆ ಬೇಟೆಯಾಡಿ ತಿನ್ನುವ ಪ್ರಕಾಶಕರು ಎಂಬ ಹೆಸರು ಕೊಟ್ಟು ಪಟ್ಟಿ ಮಾಡತೊಡಗಿದರು.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ದೊಡ್ಡ ತಪ್ಪುಗಳನ್ನು ತುಂಬಿದ ಸುಳ್ಳು ಔಷಧ ಲೇಖನವನ್ನು ಇಂತಹ 304 ಜರ್ನಲ್‌ಗಳಿಗೆ ಕಳುಹಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು; 98 ಮಾತ್ರ ತಿರಸ್ಕರಿಸಿದವು. ಫಿನ್ಲೆಂಡಿನ ಸಂಶೋಧಕರಿಬ್ಬರು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2010ರಲ್ಲಿ 53,000ದಷ್ಟಿದ್ದ ಇಂತಹ ಲೇಖನಗಳು 2014ರಲ್ಲಿ 4,20,000ಕ್ಕೆ ಏರಿದ್ದವು. ಪ್ರಕಾಶಕರಲ್ಲಿ ಶೇ. 27ರಷ್ಟು, ಲೇಖಕರಲ್ಲಿ ಸುಮಾರು ಶೇ. 35ರಷ್ಟು ಭಾರತದವರು! ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತವನ್ನು ತೆರುವಂತೆ ಆದೇಶಿಸಿತು. ಪರಿಶೀಲನೆ ನಡೆಸುತ್ತೇವೆಂದು ಲೇಖಕರನ್ನು ವಂಚಿಸಿದ್ದು ಆರೋಪಗಳಲ್ಲೊಂದು.

ನಮ್ಮ ಅನುದಾನ ಆಯೋಗ ಏನು ಮಾಡಿತು? 2017ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳ ‘ಅಂಗೀಕೃತ ಪಟ್ಟಿ’ ಹೊರಡಿಸಿತು. ಅದರಲ್ಲಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ 1,009 ಜರ್ನಲ್‌ಗಳನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರೀಕ್ಷಿಸಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 88ರಷ್ಟು ಕಳಪೆ ಎನ್ನುವಂತಿದ್ದವು. ಅಂದರೆ ನಕಲಿಗೆ ಸರಕಾರದ್ದೇ ಮುದ್ರೆ ಬಿದ್ದಿತ್ತು. ಅದೇ ಮೇ ತಿಂಗಳಲ್ಲಿ ಆಯೋಗ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2022ರ ನಿಯಮಗಳಲ್ಲಿ ಪಿಎಚ್.ಡಿ.ಗೆ ಮೊದಲೇ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯ ಹೋಯಿತು. 2025ರ ಫೆಬ್ರವರಿಯಲ್ಲಿ ‘ಕೇರ್’ ಪಟ್ಟಿಯನ್ನೂ ಆಯೋಗ ಕೈಬಿಟ್ಟು, ಒಳ್ಳೆಯ ಜರ್ನಲ್ ಯಾವುದೆಂದು ನಿರ್ಧರಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೆ ಬಿಟ್ಟಿತು. ಬೀಲ್ ತಮ್ಮ ಪಟ್ಟಿಯನ್ನು 2017ರ ಜನವರಿಯಲ್ಲೇ ಅಳಿಸಿದ್ದರು. ಬಡದೇಶಗಳ ಪ್ರಾಮಾಣಿಕ ಸಣ್ಣ ಪತ್ರಿಕೆಗಳನ್ನೂ ಅವರು ಅನುಮಾನಿಸಿದರೆಂಬ ಟೀಕೆ ಅವರ ಮೇಲಿತ್ತು. ಇಬ್ನುಲ್ ಜೌಝಿಯ ಮೇಲೆ, ಫ್ಲೀಟರ ಮೇಲೆ ಬಂದ ಆಕ್ಷೇಪವೇ ಇಲ್ಲಿಯೂ ಮರುಕಳಿಸಿತು.

ದೊಡ್ಡ ಕಂಪೆನಿಗಳೆಲ್ಲ ಶುದ್ಧ, ಸಣ್ಣವರೆಲ್ಲ ಕಳ್ಳರು ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ಪ್ರತಿಷ್ಠಿತ ವೈಲಿ ಸಂಸ್ಥೆ 2021ರಲ್ಲಿ ಕೊಂಡುಕೊಂಡ ಹಿಂದಾವಿ ಜರ್ನಲ್‌ಗಳಿಂದ 2023ರಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವುಗಳಲ್ಲಿ ಪರಿಶೀಲನೆಯೇ ನಕಲಿಯಾಗಿತ್ತು.

ನಷ್ಟ ಯಾರಿಗೆ?

ಈ ವ್ಯವಹಾರದಲ್ಲಿ ತಪ್ಪಿತಸ್ಥರನ್ನು ಹುಡುಕುವಾಗ ನಾವು ಮೊದಲು ಬೊಟ್ಟು ಮಾಡುವುದು ಹಣ ಕೊಟ್ಟು ಲೇಖನ ಹಾಕಿಸಿದ ಅಧ್ಯಾಪಕನ ಕಡೆಗೆ. ಅವನು ನಿರ್ದೋಷಿಯಲ್ಲ. ಆದರೆ ಅವನ ಪರಿಸ್ಥಿತಿಯನ್ನೂ ನೋಡಬೇಕು. ವರ್ಷಗಟ್ಟಲೆ ಅತಿಥಿ ಉಪನ್ಯಾಸಕನಾಗಿ ದುಡಿಯುತ್ತಾ ಕಾಯಂ ನೇಮಕಕ್ಕೆ ಕಾಯುವವನಿಗೆ 2 ಅಂಕ ಬದುಕಿನ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಕಲಿತು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗ ಹುಡುಗಿಯರಿಗೆ ಯಾವ ಜರ್ನಲ್ ಸರಿ, ಯಾವುದು ಖೊಟ್ಟಿ ಎಂದು ಹೇಳಿಕೊಡುವವರು ಸಿಗುವುದು ಕಷ್ಟ. ಐಎಸ್‌ಎಸ್‌ಎನ್ ಸಂಖ್ಯೆ ಇದ್ದರೆ ಸಾಕು ಎಂದು ನಂಬುವವರು ಈಗಲೂ ಇದ್ದಾರೆ. ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಮಟ್ಟದ ಪ್ರಮಾಣಪತ್ರವಲ್ಲ. ಮುಸ್ಲಿಮರು, ದಲಿತರು, ಹಿಂದುಳಿದವರು ಉನ್ನತ ಶಿಕ್ಷಣಕ್ಕೆ ತಡವಾಗಿ ಕಾಲಿಟ್ಟವರು. ಬಾಗಿಲಲ್ಲೇ ಅವರನ್ನು ಎದುರುಗೊಳ್ಳುವುದು ಈ ಬೇಟೆಗಾರನಾದರೆ, ನಾಳೆ ‘ಇವರ ಸಂಶೋಧನೆಯೆಲ್ಲ ಇಷ್ಟೇ’ ಎಂಬ ಅಪವಾದವೂ ಅವರ ತಲೆಗೇ ಬರುತ್ತದೆ. ನಿಜವಾಗಿ ದುಡಿದು ಒಂದೇ ಲೇಖನ ಬರೆದವನು ಹತ್ತು ಲೇಖನ ಕೊಂಡವನ ಹಿಂದೆ ನಿಲ್ಲಬೇಕಾಗುತ್ತದೆ.

ಎರಡನೆಯ ನಷ್ಟ ನಾಡಿನ ಇತಿಹಾಸಕ್ಕೆ. ಗಡಿಭಾಗದ ಊರುಗಳ ಶಾಸನ, ದರ್ಗಾ, ಬಸದಿ, ಮಠಗಳ ಬಗ್ಗೆ ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಅದನ್ನು ಮಾಡಬೇಕಾದವರು ಅಲ್ಲಿನ ಕಾಲೇಜುಗಳ ಅಧ್ಯಾಪಕರೇ. ಯಾರೂ ಓದದೆ ಅಚ್ಚಾದ ಲೇಖನದಲ್ಲಿ ಒಂದು ತಪ್ಪು ತೇದಿ, ಒಂದು ಕಲ್ಪಿತ ವಂಶಾವಳಿ ಸೇರಿಕೊಂಡರೆ ಅದನ್ನು ಇನ್ನೊಬ್ಬ ಉಲ್ಲೇಖಿಸುತ್ತಾನೆ, ಅವನನ್ನು ಮತ್ತೊಬ್ಬ. ಮೂರನೆಯ ಕೈಗೆ ಬರುವಷ್ಟರಲ್ಲಿ ಅದು ‘ಆಧಾರ’ವಾಗಿರುತ್ತದೆ. ಊರ ಹೆಸರು, ಪ್ರಾರ್ಥನಾ ಸ್ಥಳ, ಗಡಿಗಳ ಬಗ್ಗೆ ಜಗಳ ಹಚ್ಚಲು ಇತಿಹಾಸವನ್ನು ಆಯುಧ ಮಾಡಿಕೊಳ್ಳುವ ಈ ದಿನಗಳಲ್ಲಿ ಪರಿಶೀಲಿಸದ ‘ಸಂಶೋಧನೆ’ ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಮ್ರಪಟದ ನಕಲಿಯನ್ನು ಹಿಡಿಯಲು ಫ್ಲೀಟರಂಥವರಿಗೆ ಹಲವು ವರ್ಷ ಬೇಕಾದವು. ಲಕ್ಷಗಟ್ಟಲೆ ಲೇಖನಗಳ ನಕಲಿಯನ್ನು ಹಿಡಿಯುವವರು ಯಾರು?

ಪಟ್ಟಿಗಳು ಬಂದವು, ಹೋದವು. ಪಟ್ಟಿ ಎಂಬುದು ಓದಿನ ಬದಲಿ ಅಲ್ಲ ಎಂಬುದನ್ನು ಈ ಇತಿಹಾಸ ಮತ್ತೆ ಮತ್ತೆ ತೋರಿಸಿದೆ. ಸಂದರ್ಶನಕ್ಕೆ ಬರುವ ಅಭ್ಯರ್ಥಿಯ ಇಪ್ಪತ್ತು ಲೇಖನಗಳನ್ನು ಎಣಿಸುವ ಬದಲು, ಅವನೇ ಆರಿಸಿಕೊಟ್ಟ ಎರಡು ಲೇಖನಗಳನ್ನು ಸಮಿತಿಯವರು ಓದಿಕೊಂಡು ಬಂದು ಪ್ರಶ್ನೆ ಕೇಳಲಿ. ವಿಶ್ವವಿದ್ಯಾಲಯಗಳು ಕನ್ನಡದಲ್ಲಿ, ಕಡಿಮೆಯಾದರೂ ಸರಿ, ಲೇಖಕನಿಂದ ಕಾಸು ಪಡೆಯದ, ನಿಜವಾಗಿ ಪರಿಶೀಲಿಸುವ ಪತ್ರಿಕೆಗಳನ್ನು ನಡೆಸಲಿ. ಪರಿಶೀಲಿಸುವ ವಿದ್ವಾಂಸನ ಕೆಲಸಕ್ಕೆ ಸೇವೆಯ ಲೆಕ್ಕದಲ್ಲಿ ಮನ್ನಣೆ ಸಿಗಲಿ. ಇಂದು ಬರೆದವನಿಗೆ ಅಂಕವುಂಟು, ಇನ್ನೊಬ್ಬರ ಬರಹವನ್ನು ತಾಳ್ಮೆಯಿಂದ ತಿದ್ದಿದವನಿಗೆ ಏನೂ ಇಲ್ಲ. ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿಯ ಲೇಖನವನ್ನು ಕಳುಹಿಸುವ ಮೊದಲು ತಾವು ಒಮ್ಮೆ ಪೂರ್ತಿ ಓದಲಿ. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ, ಸಮಯ ಬೇಕು.

ಓದುಗರಾದ ನಮಗೂ ಪಾಲಿದೆ. ‘ಸಂಶೋಧನೆಯೊಂದರಲ್ಲಿ ಸಾಬೀತಾಗಿದೆ’ ಎಂದು ಯಾರಾದರೂ ಹೇಳಿದಾಗ, ಯಾರ ಸಂಶೋಧನೆ, ಎಲ್ಲಿ ಪ್ರಕಟವಾಗಿದೆ, ಅದನ್ನು ಬೇರೆ ಯಾರು ಓದಿ ಒಪ್ಪಿದ್ದಾರೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ಬಸ್ರಾದ ಜನ ಹದಿಮೂರು ಶತಮಾನಗಳ ಹಿಂದೆ ಕೇಳಿದ್ದು ಇದನ್ನೇ. ಸದಲಗೆಯ ಪದವಿ ಕಾಲೇಜು ಅಧ್ಯಾಪಕರೊಬ್ಬರು ಓಲೆಗರಿಗಳ ಮುಂದೆ ಕುಳಿತು ಬದುಕಿನುದ್ದಕ್ಕೂ ಕೇಳಿದ್ದೂ ಇದನ್ನೇ. ಅಂಥವರು ಮತ್ತೆ ಅದೇ ನೆಲದಿಂದ ಬರುವುದು ಅಸಾಧ್ಯವೇನಲ್ಲ. ಅವರು ಬರೆದದ್ದನ್ನು ಓದಿ ಪ್ರಶ್ನಿಸುವವರು ಇರಬೇಕು, ಅಷ್ಟೇ.